ಎಣಿಸಿ ಮುಗಿಯದ ನರವ್ಯೂಹ

ಬ್ರೆಜಿಲ್‌ನ ರಿಯೊ ಡಿ ಜನೈರೊದ ವಿಜ್ಞಾನಿ ಸುಜಾನಾ ಹರ್ಕುಲಾನೊ-ಹೌಜೆಲ್ ಅವರನ್ನು ಒಂದು ಸರಳ ಪ್ರಶ್ನೆ ಕಾಡುತ್ತಿತ್ತು. ಮನುಷ್ಯನ ಮಿದುಳಿನಲ್ಲಿ ಹತ್ತು ಸಾವಿರ ಕೋಟಿ ನರಕೋಶಗಳಿವೆ ಎಂದು ಪುಸ್ತಕಗಳೆಲ್ಲ ಹೇಳುತ್ತವಲ್ಲ, ಅವನ್ನು ಎಣಿಸಿದವರು ಯಾರು? ಹುಡುಕುತ್ತ ಹೋದರೆ ಆ ಸಂಖ್ಯೆಯ ಮೂಲವೇ ಸಿಗಲಿಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಬರೆಯುತ್ತ ಅದು ನಡೆದು ಬಂದಿತ್ತು. ಕಡೆಗೆ ಅವರೂ ಸಹೋದ್ಯೋಗಿ ರೊಬೆರ್ಟೊ ಲೆಂಟ್ ಅವರೂ 2005ರಲ್ಲಿ ಎಣಿಕೆಗೊಂದು ಉಪಾಯ ಪ್ರಕಟಿಸಿದರು: ಮಿದುಳನ್ನು ಅರೆದು ನೀರಾಗಿಸುವುದು.

ಕೇಳಲು ಒರಟು ಎನಿಸಿದರೂ ಕೆಲಸ ಬಹಳ ಅಚ್ಚುಕಟ್ಟು. ಫಾರ್ಮಲಿನ್‌ನಲ್ಲಿ ಗಟ್ಟಿಯಾದ ಮಿದುಳನ್ನು ಸಣ್ಣ ಹೋಳು ಮಾಡಿ, ಡಿಟರ್ಜೆಂಟ್ ಬೆರೆತ ದ್ರಾವಣದಲ್ಲಿ, ಗಾಜಿನ ಕೊಳವೆಯೊಳಗೆ ನಿಧಾನವಾಗಿ ಅರೆಯಬೇಕು. ಜೀವಕೋಶಗಳ ಪೊರೆಗಳೆಲ್ಲ ಕರಗಿಹೋಗುತ್ತವೆ, ಕೋಶಕೇಂದ್ರಗಳು ಮಾತ್ರ ಇಡಿಯಾಗಿ ಉಳಿಯುತ್ತವೆ. ಒಂದು ಕೋಶಕ್ಕೆ ಒಂದೇ ಕೇಂದ್ರ. ದ್ರಾವಣವನ್ನು ಚೆನ್ನಾಗಿ ಕಲಕಿ, ಕೇಂದ್ರಗಳಿಗೆ ಹೊಳೆಯುವ ಬಣ್ಣ ಕಟ್ಟಿ, ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಡಿ ಎಣಿಸಿದರೆ ಇಡೀ ಮಿದುಳಿನ ಲೆಕ್ಕ ಗುಣಾಕಾರದಿಂದ ಬರುತ್ತದೆ. ಅವುಗಳಲ್ಲಿ ನರಕೋಶದವು ಯಾವುವು ಎಂದು ಗುರುತಿಸಲು ಇನ್ನೊಂದು ಬಣ್ಣ. ನಾಲ್ವರು ಪುರುಷರ ಮಿದುಳನ್ನು ಹೀಗೆ ಎಣಿಸಿದ ಫಲಿತಾಂಶ 2009ರಲ್ಲಿ ಹೊರಬಿತ್ತು. ನರಕೋಶಗಳು ಸರಾಸರಿ 8,600 ಕೋಟಿ. ಅವುಗಳಿಗೆ ಆಸರೆಯಾಗಿರುವ ಗ್ಲಿಯಾ ಮುಂತಾದ ಕೋಶಗಳು ಹತ್ತುಪಟ್ಟು ಇವೆ ಎಂಬ ಇನ್ನೊಂದು ರೂಢಿಯ ಮಾತೂ ಆಗಲೇ ಬಿದ್ದುಹೋಯಿತು. ಅವೂ ಹೆಚ್ಚುಕಮ್ಮಿ ಅಷ್ಟೇ, ಸುಮಾರು 8,500 ಕೋಟಿ.

ಎಂಟು ಸಾವಿರದ ಆರುನೂರು ಕೋಟಿ ಎಂದರೆ ಎಷ್ಟು ಎಂಬುದು ಮನಸ್ಸಿಗೆ ಹತ್ತುವುದಿಲ್ಲ. ರಾಗಿಯ ಲೆಕ್ಕದಲ್ಲಿ ನೋಡೋಣ. ಸಾವಿರ ಕಾಳು ರಾಗಿ ಎರಡೂವರೆಯಿಂದ ಮೂರು ಗ್ರಾಂ ತೂಗುತ್ತದೆ. ಒಂದು ನರಕೋಶಕ್ಕೆ ಒಂದು ಕಾಳು ಎಂದು ಇಟ್ಟರೆ ಇನ್ನೂರು ಟನ್ ದಾಟುತ್ತದೆ. ಹತ್ತು ಟನ್ ಹೊರುವ ಲಾರಿಗಳು ಇಪ್ಪತ್ತಕ್ಕಿಂತ ಹೆಚ್ಚು ಬೇಕು. ಆ ಕಾಳುಗಳಷ್ಟು ಜೀವಕೋಶಗಳು ಒಂದೂವರೆ ಕಿಲೋ ತೂಗದ ಮಿದುಳಿನಲ್ಲಿ ಹಿಡಿದಿವೆ. ಬರೀ ಹಿಡಿದಿಲ್ಲ, ಪ್ರತಿಯೊಂದೂ ಬದುಕಿದೆ, ಉಣ್ಣುತ್ತಿದೆ, ಬೇರೆ ಎಷ್ಟೋ ಕೋಶಗಳ ಜೊತೆ ವ್ಯವಹಾರದಲ್ಲಿದೆ.

ಈ ಎಣಿಕೆಯಲ್ಲಿ ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಒಟ್ಟು ಮೊತ್ತಕ್ಕಿಂತ ಅದರ ಹಂಚಿಕೆ. ನಾವು ಮಿದುಳಿನ ಚಿತ್ರ ಬರೆಯುವಾಗ ಸುಕ್ಕುಸುಕ್ಕಾಗಿ ತೋರಿಸುವ ಮಹಾಮಸ್ತಿಷ್ಕ ತೂಕದಲ್ಲಿ ಶೇಕಡಾ 80ಕ್ಕೂ ಹೆಚ್ಚು. ಆದರೆ ಅದರ ಹೊರಪದರದಲ್ಲಿರುವ ನರಕೋಶಗಳು 1,600 ಕೋಟಿ ಅಷ್ಟೇ. ತಲೆಯ ಹಿಂಭಾಗದಲ್ಲಿ, ಕತ್ತಿನ ಮೇಲೆ ಅಡಗಿ ಕೂತ ಅನುಮಸ್ತಿಷ್ಕ ತೂಕದಲ್ಲಿ ಹತ್ತನೇ ಒಂದು ಭಾಗ. ಅದರಲ್ಲಿ 6,900 ಕೋಟಿ! ಬಿಂದಿಗೆ ಹೊತ್ತು ಮೆಟ್ಟಿಲು ಹತ್ತುವಾಗ ನೀರು ತುಳುಕದಂತೆ ಮೈಯನ್ನು ಸಂಭಾಳಿಸುವುದರಲ್ಲಿ ಅದರ ಕೈವಾಡ ದೊಡ್ಡದು. ಉಸಿರಾಟ, ಎದೆಬಡಿತಗಳನ್ನು ನೋಡಿಕೊಳ್ಳುವ ಮಿದುಳುಕಾಂಡ ಮತ್ತು ಉಳಿದ ಭಾಗಗಳಿಗೆಲ್ಲ ಸೇರಿ ನೂರು ಕೋಟಿಯೂ ಇಲ್ಲ. ಜೀವ ಹಿಡಿದು ನಿಲ್ಲಿಸುವ ಭಾಗಕ್ಕೆ ಅತಿ ಕಡಿಮೆ ಆಳು.

ದೊಡ್ಡ ಮಿದುಳಿನಲ್ಲಿ ಬುದ್ಧಿಯೂ ದೊಡ್ಡದು ಎನ್ನುವವರು ಆನೆಯ ಲೆಕ್ಕ ನೋಡಬೇಕು. 2014ರಲ್ಲಿ ಇದೇ ವಿಧಾನದಲ್ಲಿ ಆಫ್ರಿಕಾದ ಆನೆಯ ಮಿದುಳನ್ನು ಎಣಿಸಿದರು. ನಾಲ್ಕೂವರೆ ಕಿಲೋ ಮೀರಿದ ಆ ಮಿದುಳಿನಲ್ಲಿ 25,700 ಕೋಟಿ ನರಕೋಶಗಳು, ನಮ್ಮ ಮೂರರಷ್ಟು. ಆದರೆ ಅವುಗಳಲ್ಲಿ ನೂರಕ್ಕೆ 97ಕ್ಕಿಂತ ಹೆಚ್ಚು ಅನುಮಸ್ತಿಷ್ಕದಲ್ಲೇ ಇದ್ದವು. ಮಹಾಮಸ್ತಿಷ್ಕದ ಹೊರಪದರದಲ್ಲಿ ಸಿಕ್ಕಿದ್ದು 560 ಕೋಟಿ, ನಮ್ಮದರ ಮೂರನೇ ಒಂದು ಭಾಗ.

ತಲೆಬುರುಡೆಯಿಂದ ಕೆಳಗಿಳಿದರೆ ಲೆಕ್ಕದ ಸ್ವರೂಪವೇ ಬದಲಾಗುತ್ತದೆ. ಮಿದುಳಿನಿಂದ ನೇರವಾಗಿ ಹೊರಡುವ ನರಗಳು 12 ಜೊತೆ. ಬೆನ್ನುಹುರಿಯಿಂದ ಹೊರಡುವವು 31 ಜೊತೆ. ಹೃದಯ, ಜಠರಗಳವರೆಗೆ ಇಳಿಯುವ ವೇಗಸ್ ನರದಂಥ ಒಂದೆರಡನ್ನು ಬಿಟ್ಟರೆ, ಕತ್ತಿನಿಂದ ಕೆಳಗಿನ ಮೈಯೆಲ್ಲ ಈ ಬೆನ್ನುಹುರಿಯ ಪಾಲು. ಅದರ ಉದ್ದ ಗಂಡಸರಲ್ಲಿ ಸುಮಾರು 45 ಸೆಂಟಿಮೀಟರ್, ಹೆಂಗಸರಲ್ಲಿ ಎರಡು ಮೂರು ಸೆಂಟಿಮೀಟರ್ ಕಡಿಮೆ. ದಪ್ಪ ಒಂದು ಸೆಂಟಿಮೀಟರಿನ ಆಸುಪಾಸು. ತೂಕ ಸುಮಾರು 35 ಗ್ರಾಂ. ನಡೆಯುವುದು, ಬರೆಯುವುದು, ಮಗುವನ್ನು ಎತ್ತಿಕೊಳ್ಳುವುದು, ಅಂಗಾಲಿಗೆ ಮುಳ್ಳು ಚುಚ್ಚಿದ್ದು ತಿಳಿಯುವುದು ಎಲ್ಲವೂ ಈ 35 ಗ್ರಾಮಿನ ಮೂಲಕವೇ ಹಾದುಹೋಗಬೇಕು. ಅದು ಸೊಂಟದವರೆಗೂ ಬರುವುದಿಲ್ಲ, ಪಕ್ಕೆಲುಬು ಮುಗಿದ ಸ್ವಲ್ಪ ಕೆಳಗೆ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಬೆನ್ನುಮೂಳೆಯೊಳಗೆ ಇಳಿಯುವುದು ನರಗಳ ಗೊಂಚಲು ಮಾತ್ರ. ಸಿಸೇರಿಯನ್ ಮಾಡುವಾಗ ಬೆನ್ನಿಗೆ ಅರಿವಳಿಕೆ ಇಂಜೆಕ್ಷನ್ ಕೊಡುವ ವೈದ್ಯರು ಸೊಂಟದ ಮಟ್ಟವನ್ನೇ ಆರಿಸಿಕೊಳ್ಳುವುದು ಇದಕ್ಕೇ. ಅಲ್ಲಿ ಸೂಜಿಗೆ ಸಿಗಲು ಬೆನ್ನುಹುರಿಯೇ ಇರುವುದಿಲ್ಲ.

ಇಲ್ಲಿ, ಸೊಂಟದ ಹತ್ತಿರ, ಕಶೇರುಕಗಳ ಸಂದಿಯಲ್ಲಿ ಒಂದು ನರಕೋಶವನ್ನು ಹತ್ತಿರದಿಂದ ನೋಡಬೇಕು. ಅದರ ಒಡಲು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಇದ್ದರೆ ಹೆಚ್ಚು. ಬರಿಗಣ್ಣಿಗೆ ಕಾಣುವುದೇ ಕಷ್ಟ. ಅದರಿಂದ ಹೊರಟ ಆಕ್ಸಾನ್ ಎಂಬ ಎಳೆ ಕವಲೊಡೆದು ಒಂದು ಕವಲು ಕಾಲಿನಗುಂಟ ಇಳಿದು ಹೆಬ್ಬೆರಳಿನ ತುದಿ ಮುಟ್ಟುತ್ತದೆ. ಇನ್ನೊಂದು ಬೆನ್ನುಹುರಿಯಲ್ಲಿ ಮೇಲೇರಿ ಮಿದುಳುಕಾಂಡದ ಬುಡ ಸೇರುತ್ತದೆ. ವಯಸ್ಕರಲ್ಲಿ ಎರಡೂ ಸೇರಿ ಒಂದೂವರೆ ಮೀಟರಿನ ಆಜುಬಾಜು. ಅಷ್ಟೂ ಒಂದೇ ಜೀವಕೋಶ! ಒಡಲಿಗಿಂತ ಹದಿನೈದು ಸಾವಿರ ಪಟ್ಟು ಉದ್ದದ ಎಳೆಯನ್ನು ಅದು ಸಾಕಬೇಕು.

ಸಾಕುವುದು ಹೇಗೆ ಎಂಬುದು ಇನ್ನೂ ಸೋಜಿಗ. ಎಳೆಯ ತುದಿಗೆ ಬೇಕಾದ ಬಹುಪಾಲು ಪ್ರೋಟೀನ್ ತಯಾರಾಗುವುದು ಒಡಲಿನಲ್ಲಿ. ಅಲ್ಲಿಂದ ಹೊತ್ತು ಒಯ್ಯಲು ಕೈನೆಸಿನ್ ಎಂಬ ಪ್ರೋಟೀನ್ ಯಂತ್ರಗಳಿವೆ. ಇವು ಪತ್ತೆಯಾದದ್ದು 1985ರಲ್ಲಿ. ಎರಡು ಕಾಲಿರುವಂಥ ಈ ಅಣು ಎಳೆಯೊಳಗಿನ ಹಳಿಯ ಮೇಲೆ ಹೊರೆ ಹೊತ್ತು ಅಕ್ಷರಶಃ ಹೆಜ್ಜೆ ಹಾಕುತ್ತದೆ. ಒಂದು ಹೆಜ್ಜೆ 8 ನ್ಯಾನೋಮೀಟರ್. ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರ್. ಸೊಂಟದಿಂದ ಹೆಬ್ಬೆರಳಿಗೆ ಒಂದು ಮೀಟರ್ ಎಂದು ಹಿಡಿದರೆ ಹೊರೆ ಸಾಗಬೇಕಾದದ್ದು 12 ಕೋಟಿ 50 ಲಕ್ಷ ಹೆಜ್ಜೆ. ಅವಸರದ ಸರಕು ದಿನಕ್ಕೆ 40 ಸೆಂಟಿಮೀಟರ್ ಸಾಗಿ ಎರಡೂವರೆ ದಿನದಲ್ಲಿ ಬೆರಳು ಮುಟ್ಟುತ್ತದೆ. ಆದರೆ ಎಳೆಯ ಚೌಕಟ್ಟನ್ನು ಕಟ್ಟುವ ಪ್ರೋಟೀನ್‌ಗಳದು ನಿಧಾನದ ಪಯಣ, ದಿನಕ್ಕೆ ಒಂದು ಮಿಲಿಮೀಟರಿನಷ್ಟು. ಅದೇ ಗತಿಯಲ್ಲಿ ಸಾಗಿದರೆ ಒಂದು ಮೀಟರಿಗೆ ಸಾವಿರ ದಿನ. ಈಗ ನಿಮ್ಮ ಕಾಲಿನ ತುದಿಯಲ್ಲಿರುವ ಇಂಥ ಪ್ರೋಟೀನು ಸೊಂಟದಿಂದ ಹೊರಟು ಎರಡೂ ಮುಕ್ಕಾಲು ವರ್ಷವಾಗಿರಬಹುದು.

ಸರಕಿನ ವೇಗ ಇಷ್ಟಾದರೆ ಸುದ್ದಿಯ ವೇಗ ಎಷ್ಟು? ನರಗಳಲ್ಲಿ ಸುದ್ದಿ ಕ್ಷಣಮಾತ್ರದಲ್ಲಿ ಹಾಯುತ್ತದೆ, ಅದನ್ನು ಅಳೆಯಲು ಸಾಧ್ಯವೇ ಆಗಲಾರದು ಎಂದು ಜರ್ಮನಿಯ ಮಹಾವಿದ್ವಾಂಸ ಯೊಹಾನೆಸ್ ಮ್ಯುಲರ್ ನಂಬಿದ್ದರು. ಅವರ ಶಿಷ್ಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ 1849–50ರಲ್ಲಿ ಕೋನಿಗ್ಸ್‌ಬರ್ಗ್ ಊರಿನಲ್ಲಿ ಕಪ್ಪೆಯ ಕಾಲಿನ ನರವನ್ನು ಸ್ನಾಯುವಿನ ಸಮೇತ ಬಿಡಿಸಿಟ್ಟುಕೊಂಡು, ಸ್ನಾಯುವಿಗೆ ಹತ್ತಿರ ಒಮ್ಮೆ, ದೂರದಲ್ಲಿ ಒಮ್ಮೆ ವಿದ್ಯುತ್ ಮುಟ್ಟಿಸಿ, ಸ್ನಾಯು ಸೆಟೆಯಲು ಹಿಡಿದ ಹೊತ್ತಿನ ವ್ಯತ್ಯಾಸ ಅಳೆದರು. ಬಂದ ಉತ್ತರ ಸೆಕೆಂಡಿಗೆ 27 ಮೀಟರಿನ ಸುಮಾರು. ನಮ್ಮ ಇಚ್ಛೆಗೂ ಕ್ರಿಯೆಗೂ ನಡುವೆ ಹೊತ್ತು ಹಿಡಿಯುತ್ತದೆ ಎಂಬುದು ಆಗ ಲೋಕಕ್ಕೆ ಹೊಸ ಮಾತು.

ಈ ವೇಗವೂ ಎಲ್ಲ ಎಳೆಗಳಲ್ಲಿ ಒಂದೇ ಅಲ್ಲ. ಹೊಸ್ತಿಲಿಗೆ ಕಾಲಿನ ಬೆರಳು ತಗುಲಿಸಿಕೊಂಡ ಯಾರಿಗೂ ಇದರ ಅನುಭವ ಉಂಟು. ಮೊದಲು ತಗುಲಿದ್ದು ಗೊತ್ತಾಗುತ್ತದೆ, ನೋವಿಲ್ಲ. ಸ್ಪರ್ಶದ ದಪ್ಪ ಎಳೆಗಳು ಸೆಕೆಂಡಿಗೆ 35ರಿಂದ 75 ಮೀಟರ್ ಓಡಿ, ಸೆಕೆಂಡಿನ ನೂರರಲ್ಲಿ ಮೂರು ನಾಲ್ಕು ಭಾಗದಲ್ಲಿ ಸುದ್ದಿ ತಲೆಗೆ ತಲುಪಿಸಿರುತ್ತವೆ. ಅದರ ಬೆನ್ನಿಗೇ ಚುಚ್ಚಿದಂಥ ಚುರುಕು ನೋವು. ಅದು ಸೆಕೆಂಡಿಗೆ 5ರಿಂದ 30 ಮೀಟರ್ ಓಡುವ ತೆಳು ಎಳೆಗಳದು. ಹಲ್ಲು ಕಚ್ಚಿ ನಿಂತಿರುವಾಗ, ಒಂದು ಸೆಕೆಂಡು ಕಳೆದು, ಉರಿಯುತ್ತ ಮಿಡಿಯುತ್ತ ಬರುತ್ತದಲ್ಲ, ಆ ಎರಡನೇ ನೋವಿನ ಎಳೆಗಳ ವೇಗ ಸೆಕೆಂಡಿಗೆ ಒಂದು ಮೀಟರ್ ಅಷ್ಟೇ. ಮನುಷ್ಯ ಸಾವಧಾನವಾಗಿ ನಡೆಯುವ ವೇಗ ಅದು. ಬೆರಳನ್ನು ಗಟ್ಟಿಯಾಗಿ ಹಿಡಿದು ಉಜ್ಜಿದರೆ ಹಿತವೆನಿಸುವುದಕ್ಕೂ ಕಾರಣ ಈ ಎಳೆಗಳ ಪೈಪೋಟಿಯಲ್ಲಿದೆ. ಸ್ಪರ್ಶದ ಸುದ್ದಿ ಬೆನ್ನುಹುರಿಯಲ್ಲೇ ನೋವಿನ ಸುದ್ದಿಯನ್ನು ಭಾಗಶಃ ತಡೆಯುತ್ತದೆ ಎಂದು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ವಾದಿಸಿದರು. ಅಮ್ಮಂದಿರು ಮಗುವಿನ ಪೆಟ್ಟಾದ ಕಾಲು ನೀವುವುದರಲ್ಲಿ ಅಷ್ಟು ಅರ್ಥವಿದೆ.

ಅತಿ ವೇಗದ ಎಳೆಗಳಲ್ಲಿ ಸುದ್ದಿ ಸೆಕೆಂಡಿಗೆ 120 ಮೀಟರ್ ಹಾಯುತ್ತದೆ, ಅಂದರೆ ಗಂಟೆಗೆ 432 ಕಿಲೋಮೀಟರ್. ಇದು ಸಾಧ್ಯವಾದದ್ದು ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿಂದ. ಹೊದಿಕೆಯಿಲ್ಲದೆ ವೇಗ ಬೇಕೆಂದರೆ ಎಳೆಯನ್ನು ದಪ್ಪಗೆ ಬೆಳೆಸಬೇಕು. ಕಡಲಿನ ಸ್ಕ್ವಿಡ್ ಮಾಡಿದ್ದು ಅದನ್ನೇ. ಅದರ ದೈತ್ಯ ಆಕ್ಸಾನ್ ಅರ್ಧ ಮಿಲಿಮೀಟರಿಗೂ ದಪ್ಪ. ನರದ ವಿದ್ಯುತ್ತಿನ ಗುಟ್ಟನ್ನು ಹಾಜ್ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಬಿಡಿಸಿದ್ದು ಆ ಎಳೆಯ ಮೇಲೆಯೇ. ಅಷ್ಟು ದಪ್ಪವಿದ್ದೂ ಅದರ ವೇಗ ಸೆಕೆಂಡಿಗೆ 25 ಮೀಟರಿನ ಸುಮಾರು. ಮಯಲಿನ್ ಹೊದ್ದ ನಮ್ಮ ಎಳೆ ಅದರ ಐವತ್ತನೇ ಒಂದು ಭಾಗ ದಪ್ಪವಿದ್ದರೂ 60 ಮೀಟರ್ ಓಡುತ್ತದೆ. ಸ್ಕ್ವಿಡ್‌ನ ಒಂದು ಎಳೆ ಹಿಡಿಯುವ ಜಾಗದಲ್ಲಿ ನಮ್ಮವು 2,500 ಹಿಡಿಸುತ್ತವೆ. ಬೆನ್ನುಹುರಿ ಒಂದು ಸೆಂಟಿಮೀಟರಿನಲ್ಲಿ ಮುಗಿದಿರುವುದು ಈ ಹೊದಿಕೆಯ ಕೃಪೆ. ಇಪ್ಪತ್ತರ ಹರೆಯದವರ ಮಿದುಳಿನ ಬಿಳಿಭಾಗದಲ್ಲಿ ಹೀಗೆ ಹೊದಿಕೆ ಹೊದ್ದ ಎಳೆಗಳ ಉದ್ದವನ್ನು ಡೆನ್ಮಾರ್ಕಿನ ಸಂಶೋಧಕರು 2003ರಲ್ಲಿ ಅಂದಾಜು ಮಾಡಿದರು. ಹೆಂಗಸರಲ್ಲಿ 1,49,000 ಕಿಲೋಮೀಟರ್, ಗಂಡಸರಲ್ಲಿ 1,76,000 ಕಿಲೋಮೀಟರ್. ಭೂಮಿಯ ಸುತ್ತಳತೆ ನಲವತ್ತು ಸಾವಿರ ಮಾತ್ರ.

ಎಳೆಯ ಒಳಗೂ ಹೊರಗೂ ಇರುವ ವಿದ್ಯುತ್ ವ್ಯತ್ಯಾಸ 70 ಮಿಲಿವೋಲ್ಟ್. ಕೈಗಡಿಯಾರದ ಬ್ಯಾಟರಿಯ ಮುಂದೆ ಇದು ಲೆಕ್ಕಕ್ಕಿಲ್ಲ ಎನಿಸೀತು. ಆದರೆ ಈ ವ್ಯತ್ಯಾಸವನ್ನು ತಡೆದು ನಿಂತಿರುವ ಪೊರೆಯ ದಪ್ಪ ಏಳು ನ್ಯಾನೋಮೀಟರಿನಷ್ಟು. ಭಾಗಿಸಿ ನೋಡಿ: ಮೀಟರಿಗೆ ಒಂದು ಕೋಟಿ ವೋಲ್ಟ್. ಒಣ ಗಾಳಿ ಮೀಟರಿಗೆ ಮೂವತ್ತು ಲಕ್ಷ ವೋಲ್ಟ್ ತಲುಪಿದಾಗಲೇ ಸೀಳಿ ಕಿಡಿ ಹಾರಿಸುತ್ತದೆ. ಅದರ ಮೂರರಷ್ಟು ತೀವ್ರತೆಯನ್ನು ನಮ್ಮ ಪ್ರತಿ ನರಕೋಶದ ಪೊರೆಯೂ ಹುಟ್ಟಿನಿಂದ ಸಾಯುವವರೆಗೆ ತಾಳಿಕೊಂಡಿರುತ್ತದೆ.

ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವ ಜಾಗ ಸೈನಾಪ್ಸ್. ನಡುವಿನ ಸಂದು 20ರಿಂದ 40 ನ್ಯಾನೋಮೀಟರ್. ಇಂಥ ಸಂದುಗಳು ಒಬ್ಬರ ಮಿದುಳಿನಲ್ಲಿ ಎಷ್ಟು ಎಂಬುದು ಇನ್ನೂ ಅಂದಾಜೇ. ಆ ಅಂದಾಜು, ಕೋಟಿಯನ್ನು ಕೋಟಿಯಿಂದ ಗುಣಿಸಿದಷ್ಟು. ಸೆಕೆಂಡಿಗೊಂದರಂತೆ ಎಣಿಸಲು ಕೂತರೆ ಮೂವತ್ತೊಂದು ಲಕ್ಷ ವರ್ಷಕ್ಕೂ ಹೆಚ್ಚು ಬೇಕು.

ಎಣಿಸಲು ಕೂತವರೂ ಇದ್ದಾರೆ. ಒಂದು ಮಿಲಿಮೀಟರ್ ಉದ್ದದ, ಸೀ. ಎಲೆಗನ್ಸ್ ಎಂಬ ಹುಳುವಿನಲ್ಲಿ ಇರುವುದು 302 ನರಕೋಶ. ಇಷ್ಟರ ಜೋಡಣೆಯ ನಕ್ಷೆ ಬರೆಯಲು ಕೇಂಬ್ರಿಜ್‌ನ ತಂಡಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಹಿಡಿದು, 1986ರಲ್ಲಿ ಮುಗಿಯಿತು. ಹಣ್ಣಿನ ನೊಣದ ಮಿದುಳಿನ 1,39,255 ನರಕೋಶಗಳ ನಕ್ಷೆ ಪೂರ್ತಿಯಾದದ್ದು 2024ರಲ್ಲಿ. ಅದೇ ವರ್ಷ ಹಾರ್ವರ್ಡ್ ವಿಶ್ವವಿದ್ಯಾಲಯ ಮತ್ತು ಗೂಗಲ್‌ನವರು ಮನುಷ್ಯನ ಮಿದುಳಿನ ಹೊರಪದರದ ಒಂದು ಘನ ಮಿಲಿಮೀಟರಿನಷ್ಟು ತುಣುಕಿನ ನಕ್ಷೆಯ ವರದಿ ಪ್ರಕಟಿಸಿದರು. ಮೂರ್ಛೆರೋಗದ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಆ ತುಣುಕನ್ನು ಐದು ಸಾವಿರಕ್ಕೂ ಹೆಚ್ಚು ಪದರಗಳಾಗಿ ಕೊಯ್ದಿದ್ದರು. ಅದರಲ್ಲಿ ಸುಮಾರು 57 ಸಾವಿರ ಕೋಶ, 15 ಕೋಟಿ ಸೈನಾಪ್ಸ್, 23 ಸೆಂಟಿಮೀಟರ್ ರಕ್ತನಾಳ ಇದ್ದವು. ಚಿತ್ರಗಳನ್ನು ಕೂಡಿಡಲು ಹಿಡಿದ ಜಾಗ 14 ಲಕ್ಷ ಗಿಗಾಬೈಟ್. ಇಂಥ ತುಣುಕುಗಳು ಒಂದು ಮಿದುಳಿಗೆ ಹನ್ನೆರಡು ಲಕ್ಷ ದಾಟುತ್ತವೆ.

ಇಷ್ಟೆಲ್ಲ ಕೋಟಿಗಳ ನಡುವೆ ಒಂದು ಚಿಕ್ಕ ಸಂಖ್ಯೆ ನನ್ನನ್ನು ಬಿಡದೆ ಹಿಡಿದಿದೆ. ಅದು ಕಿವಿಯದು. ಕಣ್ಣಿನ ಅಕ್ಷಿಪಟಲದಲ್ಲಿ ಬೆಳಕು ಹಿಡಿಯುವ ಕೋಶಗಳು ಹತ್ತು ಕೋಟಿಯ ಆಸುಪಾಸಿನಲ್ಲಿವೆ. ಕರುಳಿನ ಗೋಡೆಯಲ್ಲಿ ಕೂಡ ಹತ್ತು ಕೋಟಿಗೆ ಕಡಿಮೆಯಿಲ್ಲದ ನರಕೋಶಗಳಿವೆ. ಒಂದು ಕಿವಿಯಲ್ಲಿ ಶಬ್ದವನ್ನು ಮಿದುಳಿಗೆ ಮುಟ್ಟಿಸುವ ಒಳಸಾಲಿನ ರೋಮಕೋಶಗಳು ಮಾತ್ರ ಸುಮಾರು 3,500. ಕೋಟಿಯಲ್ಲ, ಲಕ್ಷವಲ್ಲ, ಮೂರೂವರೆ ಸಾವಿರ. ಮಲ್ಲಿಕಾರ್ಜುನ ಮನ್ಸೂರರ ತಾನ, ಮಳೆಗಾಲದ ರಾತ್ರಿಯ ಕಪ್ಪೆಗಳ ವಟವಟ, ಮನೆಯವರ ಕರೆ ಎಲ್ಲ ಬರುವುದು ಈ ಕಿರುದಾರಿಯಲ್ಲಿ. ಅತಿ ಮೆಲ್ಲನೆಯ ಸದ್ದಿಗೆ ಅವುಗಳ ರೋಮ ಅಲುಗುವುದು ಒಂದು ನ್ಯಾನೋಮೀಟರಿಗೂ ಕಡಿಮೆ. ಕಿವಿಗಡಚಿಕ್ಕುವ ಧ್ವನಿವರ್ಧಕದ ಮುಂದೆ ನಿಂತು ಕಳೆದುಕೊಂಡ ಒಂದೊಂದು ಕೋಶವೂ ಹೋದದ್ದೇ, ಮತ್ತೆ ಬೆಳೆಯುವುದಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ವಸ್ತುಸಂಗ್ರಹಾಲಯವಿದೆ. ನರರೋಗಶಾಸ್ತ್ರಜ್ಞ ಡಾ. ಎಸ್. ಕೆ. ಶಂಕರ್ ದಶಕಗಳ ಕಾಲ ಕೂಡಿಸಿದ ಸಂಗ್ರಹ ಅದು. ಅಲ್ಲಿ ನೋಡಲು ಬಂದವರ ಕೈಗೆ ನಿಜವಾದ ಮನುಷ್ಯನ ಮಿದುಳನ್ನೇ ಕೊಡುತ್ತಾರೆ. ಫಾರ್ಮಲಿನ್‌ನಲ್ಲಿ ನೆನೆದು ಮಾಸಲು ಬಣ್ಣಕ್ಕೆ ತಿರುಗಿದ, ಒದ್ದೆಯಾದ, ಅಂದುಕೊಂಡದ್ದಕ್ಕಿಂತ ಭಾರವಾದ ಒಂದು ಗಡ್ಡೆ. ಬದುಕಿದ್ದಾಗ ಅದು ದೇಹದ ತೂಕದ ನೂರರಲ್ಲಿ ಎರಡು ಪಾಲಿದ್ದು, ವಿಶ್ರಾಂತಿಯಲ್ಲಿರುವ ದೇಹದ ಶಕ್ತಿಯಲ್ಲಿ ಐದನೇ ಒಂದು ಪಾಲನ್ನು ಬಳಸುತ್ತಿತ್ತು. ವಿದ್ಯುತ್ತಿನ ಲೆಕ್ಕದಲ್ಲಿ 20 ವ್ಯಾಟ್. ನಿಮಿಷಕ್ಕೆ ಮುಕ್ಕಾಲು ಲೀಟರ್ ರಕ್ತ ಅದಕ್ಕೆ ಹರಿಯುತ್ತಿತ್ತು. ಈ ಹರಿವು ಪೂರ್ತಿ ನಿಂತರೆ ಹತ್ತು ಸೆಕೆಂಡಿನ ಸುಮಾರಿಗೆ ಎಚ್ಚರ ತಪ್ಪುತ್ತದೆ. ಮಿದುಳಿಗೆ ಉಗ್ರಾಣವಿಲ್ಲ. ಆಯಾ ಹೊತ್ತಿನದು ಆಯಾ ಹೊತ್ತಿಗೆ ಬರಬೇಕು.

ಹೋದ ನರಕೋಶ ಮರಳಿ ಹುಟ್ಟುತ್ತದೆಯೇ? ಇದಕ್ಕೆ ಉತ್ತರ ಕೊಟ್ಟದ್ದು ಅಣುಬಾಂಬು. 1955ರಿಂದ 1963ರವರೆಗೆ ನಡೆದ ಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಇಂಗಾಲ-14ರ ಪ್ರಮಾಣ ಇಮ್ಮಡಿಯಾಯಿತು, ಆಮೇಲೆ ಮೆಲ್ಲಗೆ ಇಳಿಯಿತು. ಕೋಶ ಹುಟ್ಟಿದ ವರ್ಷದ ಗಾಳಿಯ ಗುರುತು ಅದರ ಡಿಎನ್‌ಎಯಲ್ಲಿ ಉಳಿಯುತ್ತದೆ. ಸ್ಟಾಕ್‌ಹೋಮ್‌ನ ಯೋನಾಸ್ ಫ್ರಿಸೆನ್ ಅವರ ತಂಡ ಈ ಗುರುತನ್ನು ಓದಿ 2006ರಲ್ಲಿ ತೀರ್ಪು ಕೊಟ್ಟಿತು: ಮಹಾಮಸ್ತಿಷ್ಕದ ಹೊರಪದರದ ನರಕೋಶಗಳಿಗೆ ಅವುಗಳ ಒಡೆಯನಷ್ಟೇ ವಯಸ್ಸು. ಎಂಬತ್ತರ ಅಜ್ಜಿಯ ಚರ್ಮ, ರಕ್ತ ಎಷ್ಟೋ ಸಲ ಹೊಸದಾಗಿವೆ. ಆಕೆಯ ನೆನಪುಗಳನ್ನು ಹೊತ್ತ ಹೊರಪದರದ ನರಕೋಶಗಳು ಅವಳ ತಾಯಿಯ ಗರ್ಭದಲ್ಲಿ ಹುಟ್ಟಿದವೇ.

ಇಷ್ಟು ತಿಳಿದ ಮೇಲೆ ಕೊನೆಯ ಸಂಖ್ಯೆ. ಮಿದುಳಿನ ಒಂದು ದೊಡ್ಡ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಚಿಕಿತ್ಸೆ ಸಿಗದೆ ಹೋದರೆ ಏನಾಗುತ್ತದೆ ಎಂದು ಅಮೆರಿಕದ ನರವೈದ್ಯ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದರು. ಸರಾಸರಿ ನಿಮಿಷಕ್ಕೆ 19 ಲಕ್ಷ ನರಕೋಶ, 1,400 ಕೋಟಿ ಸೈನಾಪ್ಸ್, 12 ಕಿಲೋಮೀಟರ್ ಮಯಲಿನ್ ಎಳೆ ನಾಶ. ಈ ಬರಹವನ್ನು ನೀವು ಓದಲು ತೆಗೆದುಕೊಂಡ ಹೊತ್ತಿನಲ್ಲಿ ಸತ್ತ ನರಕೋಶಗಳ ಲೆಕ್ಕ ಕೋಟಿ ದಾಟಿರುತ್ತದೆ. ನಮ್ಮಲ್ಲಿ ಲಕ್ವ ಹೊಡೆದಾಗ ಎಣ್ಣೆ ತಿಕ್ಕುತ್ತ, ನಾಟಿ ಔಷಧಿ ಕೊಡಿಸುತ್ತ, ಬೆಳಗಾಗಲಿ ನೋಡೋಣ ಎನ್ನುತ್ತ ಈ ನಿಮಿಷಗಳನ್ನು ಕಳೆಯುವ ಮನೆಗಳು ಇನ್ನೂ ಇವೆ. ಪ್ರೀತಿಯಿಂದಲೇ ಕಳೆಯುತ್ತಾರೆ, ತಿಳಿಯದೆ ಕಳೆಯುತ್ತಾರೆ.

ಯಾರಿಗಾದರೂ ಇದ್ದಕ್ಕಿದ್ದಂತೆ ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಎರಡೂ ಕೈ ಎತ್ತಿಸಿದಾಗ ಒಂದು ತಾನಾಗಿ ಇಳಿದರೆ, ಮಾತು ತೊದಲಿದರೆ ಅಥವಾ ನಿಂತರೆ, ಮೊದಲು ಗಡಿಯಾರ ನೋಡಿ. ಆ ವ್ಯಕ್ತಿ ಸರಿಯಾಗಿದ್ದದ್ದನ್ನು ಕೊನೆಯ ಸಲ ಕಂಡದ್ದು ಎಷ್ಟು ಹೊತ್ತಿಗೆ ಎಂದು ಬರೆದಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಮೊದಲು ಕೇಳುವುದು ಅದನ್ನೇ. ಬಾಯಿಗೆ ನೀರು, ಕಾಫಿ, ಮಾತ್ರೆ ಹಾಕಬೇಡಿ. 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಒಯ್ಯಿರಿ. ಆಗಿರುವುದು ಹೆಪ್ಪೋ ರಕ್ತಸ್ರಾವವೋ ಎಂದು ತಿಳಿಯುವುದು ಆ ಸ್ಕ್ಯಾನ್‌ನಿಂದ. ಹೆಪ್ಪಾಗಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಅವಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ.